ನಮ್ಮ ಹೆಸರಿಗೆ ಬಾರದ ಕರೆ

ಪರಂಪಳ್ಳಿ, ಸಾಲಿಗ್ರಾಮ
೧೪–೧೦–೧೯೪೩

ಚಿರಂಜೀವಿ ಕಮಲಾಕ್ಷನಿಗೆ ಅಮ್ಮ ಬರೆಯುವುದು.

ಗುರುನರಸಿಂಹ ನಿನ್ನ ಬೆನ್ನ ಹಿಂದೆ ಇರಲಿ. ಬೈಂದೂರು ಮುಟ್ಟಿದ ಮೇಲೆ ನೀನು ಹಾಕಿದ ಕಾರ್ಡು ಬಂತು. ಕಾರ್ಡಿನ ಅರ್ಧ ಅಲ್ಲಿಯ ಬಾವಿಯ ನೀರು ಸಪ್ಪೆ ಎಂಬುದರಲ್ಲೇ ಮುಗಿದಿದೆ. ಊಟ ಯಾರ ಮನೆಯಲ್ಲಿ, ಸಂಧ್ಯಾವಂದನೆಗೆ ಒಂದು ಮೂಲೆಯಾದರೂ ಇದೆಯೋ ಇಲ್ಲವೋ, ಅದು ಒಂದಕ್ಷರ ಇಲ್ಲ. ತಾಯಿಗೆ ಬೇಕಾದ್ದು ಬಾವಿಯ ಸುದ್ದಿಯಲ್ಲ.

ತಂತಿ ಕಚೇರಿಯ ಕೆಲಸಕ್ಕೆ ಹೊರಡುವ ದಿನ ದೇವರೆದುರು ನಿನ್ನ ಕೈಗೆ ತುಳಸಿ ನೀರು ಕೊಟ್ಟು ಆಣೆ ಮಾಡಿಸಿದ್ದು ನಿನಗೆ ಹಿಡಿಸಲಿಲ್ಲ ಎಂದು ಗೊತ್ತು. ಸರ್ಕಾರದವರು ಹೇಗೂ ಬಾಯಿ ಕಟ್ಟಿಸುತ್ತಾರೆ, ದೇವರ ಆಣೆ ಯಾಕೆ ಎಂದು ನಿನ್ನ ಸೋದರಮಾವ ದಾಮೋದರನೂ ಕೇಳಿದ. ಸರ್ಕಾರದ ಕಣ್ಣು ತಪ್ಪಿಸಬಹುದು, ಅದಕ್ಕೆ. ನನ್ನ ತಂಗಿಯ ಮದುವೆ ಮುರಿದದ್ದು ಹೇಗೆ ಎಂದು ನಿನಗೆ ಗೊತ್ತುಂಟು. ಯಾರೋ ಅವಳಿಗೆ ಬರೆದ ಕಾರ್ಡನ್ನು ಅಂಚೆಯವನೊಬ್ಬ ಅಂಗಡಿ ಜಗಲಿಯಲ್ಲಿ ಓದಿ ಹೇಳಿದ. ನಾಲ್ಕು ಜನ ನಕ್ಕರು. ಅವಳು ಬಾವಿ ನೋಡಿಕೊಂಡಳು.

ಬೇರೆಯವರ ಸುದ್ದಿ ನಿನ್ನ ಕಿವಿಯ ಮೇಲೆ ಹಾದುಹೋಗುವ ಕೆಲಸ ಇದು. ಅದನ್ನು ಬಾಯಲ್ಲಿ ಹೇಳುವುದಿಲ್ಲ, ಕೈಯಲ್ಲಿ ಬರೆಯುವುದಿಲ್ಲ, ಕಣ್ಣಲ್ಲಿ ಸನ್ನೆ ಮಾಡುವುದಿಲ್ಲ ಎಂದು ಆಣೆ ಮಾಡಿದ್ದೀ. ಮರೆಯಬೇಡ.

ವನಮಾಲಾ ನಿನ್ನ ಹಳೆ ಪಂಚೆಯನ್ನು ಹೊಲಿದು ಚೀಲ ಮಾಡಿದ್ದಾಳೆ. ಅಣ್ಣ ಟಕ್ಕಟಕ್ಕ ಅಂತ ಬಡಿದರೆ ಮಾತು ಹೇಗೆ ಆಗುತ್ತದೆ ಎಂದು ದಿನಾ ಕೇಳುತ್ತಾಳೆ. ನನಗೂ ತಿಳಿಯದು. ಬರೆ.

ನಿನ್ನ ಅಮ್ಮ
ಗೋಮತಿ


ಬೈಂದೂರು
೨–೧೨–೧೯೪೩

ಅಮ್ಮನ ಪಾದಗಳಿಗೆ ಕಮಲಾಕ್ಷನ ನಮಸ್ಕಾರ.

ಊಟ ದೇವಸ್ಥಾನದ ಭಟ್ಟರ ಮನೆಯಲ್ಲಿ. ಸಂಧ್ಯಾವಂದನೆಗೆ ಅವರ ಹಿತ್ತಲಿದೆ. ಇನ್ನು ಬಾವಿಯ ಸುದ್ದಿ ಬರೆಯುವುದಿಲ್ಲ.

ಟಕ್ಕಟಕ್ಕದ ವಿಷಯ. ವನಮಾಲೆಗೆ ಹೀಗೆ ಹೇಳು. ಉಡುಪಿ, ಬ್ರಹ್ಮಾವರ, ಕುಂದಾಪುರ, ಬೈಂದೂರು, ಈ ನಾಲ್ಕು ಕಚೇರಿಗೆ ಇರುವುದು ಒಂದೇ ತಂತಿ. ಹೊಳೆಗಳ ಮೇಲೆ, ತೆಂಗಿನ ತೋಟಗಳ ನಡುವೆ ಅದೇ ಬರುತ್ತದೆ. ಬೊಂಬಾಯಿಂದ ಬಂದದ್ದು, ಮಂಗಳೂರಿಂದ ಬಂದದ್ದು, ಸತ್ತದ್ದು, ಹುಟ್ಟಿದ್ದು, ಎಲ್ಲವೂ ಅದರಲ್ಲೇ ಹಾಯಬೇಕು. ಯಾರು ಯಾರೊಡನೆ ಮಾತಾಡಿದರೂ ನಾಲ್ಕೂ ಕಡೆಯ ಯಂತ್ರ ಬಡಿದುಕೊಳ್ಳುತ್ತದೆ. ಹಾಗಾಗಿ ಒಂದೊಂದು ಊರಿಗೆ ಒಂದೊಂದು ಕರೆ ಇಟ್ಟಿದ್ದಾರೆ. ನಮ್ಮ ಕರೆ ಬಂದರೆ ಪೆನ್ಸಿಲ್ ಹಿಡಿಯುವುದು. ಬೇರೆಯವರದ್ದು ಬಂದರೆ ಸುಮ್ಮನೆ ಕೂರುವುದು.

ಒಬ್ಬ ಮಾತಾಡುವಾಗ ಉಳಿದ ಮೂವರು ಬಾಯಿ ಮುಚ್ಚಬೇಕು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಇಬ್ಬರದ್ದೂ ಹಾಳು, ಕೇಳುವವನಿಗೆ ಬರೀ ಗದ್ದಲ. ಸರ್ಕಾರಿ ಸುದ್ದಿ ಬಂದರೆ ಮನೆ ಸುದ್ದಿ ಬದಿಗೆ ನಿಲ್ಲಬೇಕು. ಈ ಯುದ್ಧದ ದೆಸೆಯಿಂದ ಅದೇ ಜಾಸ್ತಿ. ಇನ್ನೊಂದು ಕಟ್ಟಳೆ: ನಮ್ಮ ಕರೆ ಬಂದ ಮೇಲೆ ಓಗೊಡದೆ ಇರುವುದು ಎಂಬುದು ನಮ್ಮಲ್ಲಿಲ್ಲ. ಓಗೊಡಲಿಲ್ಲ ಎಂದರೆ ತಂತಿ ತುಂಡಾಗಿದೆ, ಇಲ್ಲವೇ ಕುಳಿತವನಿಗೆ ಏನೋ ಆಗಿದೆ.

ಮೊದಮೊದಲು ಎಲ್ಲವೂ ಕೇಳಿ ತಲೆ ಸಿಡಿಯುತ್ತಿತ್ತು. ಈಗ ಕಿವಿ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಗೊತ್ತಿದ್ದ ಊರಿನ ಹೆಸರು ಬಂದಾಗ ಮಾತ್ರ ಆ ಬಾಗಿಲು ನಿಲ್ಲುವುದಿಲ್ಲ. ಮೊನ್ನೆ ಹಾಗೆ ಒಂದು ಕೇಳಿತು. ನಮಗೆ ಬಂದದ್ದಲ್ಲ. ಯಾರಿಗೆಂದು ಹೇಳುವ ಹಾಗಿಲ್ಲ. ಕೇಳಿದ ಮೇಲೆ ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದೆ, ಸೂತಕದ ಮನೆಗೆ ಹೋಗಿ ಬಂದವರ ಹಾಗೆ.

ಆಣೆ ಮರೆತಿಲ್ಲ.

ನಿನ್ನ ಮಗ
ಕಮಲಾಕ್ಷ


ಪರಂಪಳ್ಳಿ
೧೨–೧–೧೯೪೪

ಚಿರಂಜೀವಿ ಕಮಲಾಕ್ಷನಿಗೆ,

ನಿನ್ನ ತಂತಿಯ ಕಥೆಯನ್ನು ವನಮಾಲೆಗೆ ಓದಿದೆ. ಇದೆಂತ ದೊಡ್ಡದು, ನಮ್ಮ ಹೊಳೆಯ ಕಡವಿನ ಹಾಗೇ ಆಯಿತಲ್ಲ ಅಂದಳು. ನಿಜ ಅನ್ನಿಸಿತು. ಹೊಳೆ ಒಂದು, ದೋಣಿ ಒಂದು, ಕೂಗುವವರು ಹತ್ತು ಮನೆಯವರು. ನಮ್ಮ ಮನೆಯದು ಎರಡು ನೀಳ, ಕೊನೆಗೊಂದು ಮೊಟಕು. ನೆರೆಮನೆ ವೇದಾವತಿಯದು ಒಂದೇ ಉದ್ದ, ತುದಿಯಲ್ಲಿ ಮೇಲಕ್ಕೆ ಎತ್ತುವುದು. ದೋಣಿಯ ಚೆನ್ನಯ್ಯ ತಲೆಗೆ ಮುಂಡಾಸು ಹಾಕಿ ಬಿದ್ದುಕೊಂಡಿದ್ದರೂ ಯಾರ ಮನೆಯವರು, ಅವಸರವೋ ಅಲ್ಲವೋ, ಅದು ಗೊತ್ತಾಗುತ್ತದೆ ಅವನಿಗೆ. ಗುರುತಿಲ್ಲದ ಕೂಗು ಕೇಳಿದರೆ ಏಳುವುದಿಲ್ಲ. ನೀರ ಬದಿಯಲ್ಲಿ ಏನೇನೋ ಕೂಗುತ್ತದೆ, ಎಲ್ಲದಕ್ಕೂ ಓಗೊಟ್ಟರೆ ಬದುಕುವುದುಂಟಾ, ಅನ್ನುತ್ತಾನೆ.

ಈಗ ಸಂತೋಷದ ಸುದ್ದಿ. ವನಮಾಲೆಗೆ ಗಂಡು ಕೇಳಿಕೊಂಡು ಬಂದಿದ್ದಾರೆ. ಬಂದವರು ಬ್ರಹ್ಮಾವರದ ಶಾಮರಾಯರು. ಜಗಲಿ ಹತ್ತುವ ಮೊದಲೇ ಕೂಗಿದರು:

“ಹ್ವಾಯ್ ಗೋಮತಕ್ಕ, ಒಳಗಿದ್ರ್ಯಾ? ಬೆಲ್ಲ ನೀರ್ ತನ್ನಿ, ಒಳ್ಳೆ ಸುದ್ದಿ ತಂದಿದೆ.”

ಹುಡುಗ ಅವರ ತಂಗಿಯ ಮಗ ರತ್ನಾಕರ. ಬೊಂಬಾಯಿಯಲ್ಲಿ ಹೋಟೆಲು. ಒಂದು ಮದುವೆಯಾಗಿ ಹೆಂಡತಿ ತೀರಿಹೋಗಿದ್ದಾಳೆ. ನಾನು ನೇರ ಕೇಳಿದೆ, “ಮೊದ್ಲಿನವಳಿಗೆ ಎಂತ ಆದ್ದ್?”

“ಜ್ವರ ಬಂತ್, ಹೋಯ್ತ್. ಬೊಂಬಾಯಿ ನೀರ್ ಎಲ್ಲರಿಗೂ ಆತಿಲ್ಲೆ. ಹುಡ್ಗ ಮಾತ್ರ ಚಿನ್ನ ಮಾರಾಯ್ತಿ. ಬೀಡಿ ಸೈತ ಸೇದುದಿಲ್ಲೆ.”

ತಂದೆ ಇಲ್ಲದ ಹುಡುಗಿ. ಬಂದವರು ಏನೂ ಕೇಳಲಿಲ್ಲ. ಎರಡನೆಯ ಸಂಬಂಧ ಎಂದು ಮೂಗು ಮುರಿಯುವ ಸ್ಥಿತಿ ನಮ್ಮದಲ್ಲ. ಜಾತಕ ಕೂಡಿದೆ. ಫಾಲ್ಗುಣದಲ್ಲಿ ಮುಹೂರ್ತ. ವನಮಾಲಾ ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹಟ್ಟಿಗೆ ಹೋಗಿ ಕರುವಿಗೆ ಹುಲ್ಲು ಹಾಕಿದಳು. ಹುಲ್ಲು ಆಗಲೇ ಹಾಕಿ ಆಗಿತ್ತು.

ನೀನು ಅಣ್ಣ, ಹೋಮದ ಹೊತ್ತಿಗೆ ತಂಗಿಯ ಕೈಗೆ ಅರಳು ಹೊಯ್ಯಬೇಕಾದವ. ರಜೆಗೆ ಈಗಲೇ ಬರೆದುಹಾಕು.

ಅಮ್ಮ


ಬೈಂದೂರು
೨೦–೧–೧೯೪೪

ಅಮ್ಮನಿಗೆ ನಮಸ್ಕಾರ.

ಕಾಗದ ತಲಪಿತು. ಬ್ರಹ್ಮಾವರದ ಯಾವ ಶಾಮರಾಯರು? ತೋಡಿನ ಬದಿಯ ಮನೆಯವರೇ? ಹುಡುಗನ ಹೆಸರು ರತ್ನಾಕರ ಎಂದೇ ಹೇಳಿದರೇ?

ಇಲ್ಲಿ ಚಳಿ ಕಡಿಮೆ. ಕಚೇರಿಯ ಹೆಂಚಿನ ಮಾಡಿನಲ್ಲಿ ಒಂದು ಬೆಕ್ಕು ಮರಿ ಹಾಕಿದೆ. ಸಮುದ್ರ ನೋಡಲು ಒಂದು ಸಲ ಹೋದೆ, ಮತ್ತೆ ಹೋಗಲಿಲ್ಲ. ಭಟ್ಟರ ಮನೆಯವರು ನಿನ್ನನ್ನು ಕೇಳಿದರು.

ರಜೆ ಕೇಳಿದೆ. ಬದಲಿಗೆ ಕೂರಲು ಜನ ಇಲ್ಲವಂತೆ, ಯುದ್ಧ ಮುಗಿಯಲಿ ಎಂದರು. ಮುಹೂರ್ತವನ್ನು ವೈಶಾಖಕ್ಕೆ ಹಾಕಲಾಗುವುದಿಲ್ಲವೇ ಅಮ್ಮ? ಅದಕ್ಕೆ ಮೊದಲು ಒಂದು ಸಲ ಊರಿಗೆ ಬಂದು, ನಾನು ನೀನು ಇಬ್ಬರೂ ಒಟ್ಟಿಗೆ ಗುರುನರಸಿಂಹನ ಎದುರು ನಿಲ್ಲಬೇಕು ಎಂದಿದೆ.

ಬೇರೇನಿಲ್ಲ.

ಕಮಲಾಕ್ಷ


ಪರಂಪಳ್ಳಿ
೨೩–೨–೧೯೪೪

ಕಮಲಾಕ್ಷನಿಗೆ,

ಒಂದು ತಿಂಗಳು ನಾನು ಬರೆಯಲಿಲ್ಲ. ಸಿಟ್ಟು ಬಂದಿತ್ತು. ತಂಗಿಯ ಮದುವೆ ಎಂದರೆ ಬೆಕ್ಕಿನ ಮರಿಯ ಸುದ್ದಿ ಬರೆಯುವ ಅಣ್ಣ ಎಲ್ಲಾದರೂ ಇದ್ದಾನೆಯೇ? ನಿನ್ನನ್ನು ಕೇಳದೆ ಮಾತು ಕೊಟ್ಟೆನೆಂದು ಮುನಿಸು ಮಾಡಿದ್ದೀ ಎಂದು ತಿಳಿದೆ. ದಾಮೋದರನೂ ಹಾಗೇ ಹೇಳಿದ, “ಸಂಬಳ ಕಂಡ ಮಾಣಿ ಅಕ್ಕ, ಈಗ ಅವ್ನೇ ಯಜಮಾನ.”

ನಿನ್ನೆ ಗಂಜಿ ಬಸಿಯುತ್ತಾ ಇದ್ದೆ. ಇಬ್ಬರೂ ಒಟ್ಟಿಗೆ ದೇವರೆದುರು ನಿಲ್ಲಬೇಕು ಎಂದು ನೀನು ಬರೆದದ್ದು ನೆನಪಾಯಿತು. ನಮ್ಮಲ್ಲಿ ಆಣೆ ಹಾಕಿಸಿದವರೂ ಹಾಕಿದವರೂ ಒಟ್ಟಿಗೆ ಹೋಗಿ ನಿಲ್ಲುವುದು ಒಂದಕ್ಕೇ. ಆಣೆ ಬಿಡಿಸಿಕೊಳ್ಳಲಿಕ್ಕೆ. ಬಿಸಿ ಗಂಜಿ ಕೈಮೇಲೆ ಬಿದ್ದದ್ದು ಆಮೇಲೆ ತಿಳಿಯಿತು.

ಏನು ಕೇಳಿದೆ ನೀನು? ಹೇಳಬೇಡ. ಕೇಳುತ್ತಿಲ್ಲ ನಾನು. ದೇವರೆದುರು ನೀರು ಬಿಟ್ಟ ಮಾತು ತಾಯಿಗಾಗಿಯೂ ಮುರಿಯಬಾರದು, ತಂಗಿಗಾಗಿಯೂ ಮುರಿಯಬಾರದು. ನೀನು ಬರುವ ಹಾಗಿಲ್ಲ. ಮುಹೂರ್ತಕ್ಕೆ ಇನ್ನು ಎಂಟು ದಿನ. ಮುಂದೆ ಹಾಕುತ್ತೀರಾ ಎಂದು ಶಾಮರಾಯರನ್ನು ಕೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ನನಗೆ ಗೊತ್ತಿಲ್ಲ.

ದೇವರ ದೀಪದೆದುರು ಕೂತು ಒಂದು ದಾರಿ ಕಂಡೆ. ಧಾರೆಯ ಮುನ್ನಾದಿನ ದಾಮೋದರ ಬ್ರಹ್ಮಾವರಕ್ಕೆ ಹೋಗಿ ನಿನಗೆ ತಂತಿ ಕೊಡುತ್ತಾನೆ. ತಂಗಿಗೆ ಆಶೀರ್ವಾದ ಕಳಿಸು ಎಂದು, ಅಷ್ಟೇ. ಮನಸ್ಸು ಬಂದರೆ ಕಳಿಸು. ಮನಸ್ಸು ಬಾರದಿದ್ದರೆ ಸುಮ್ಮನಿರು. ಸುಮ್ಮನಿದ್ದವನು ಬಾಯಲ್ಲಿ ಹೇಳಿದ ಹಾಗೂ ಆಗುವುದಿಲ್ಲ, ಕೈಯಲ್ಲಿ ಬರೆದ ಹಾಗೂ ಆಗುವುದಿಲ್ಲ. ಕಾಗದಕ್ಕೆ ಉತ್ತರ ಬಾರದಿದ್ದರೆ ಅಂಚೆಯವನನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದು. ತಂತಿಗೆ ಓಗೊಡದಿರುವುದು ನಿಮ್ಮಲ್ಲಿಲ್ಲ ಎಂದು ನೀನೇ ಬರೆದಿದ್ದೀಯಲ್ಲ.

ಇದು ಸನ್ನೆ ಆಗುತ್ತದೆಯೋ ಎಂದು ಹೆದರಿಕೆ ಇದೆ. ಆದರೆ ಅದರ ಪಾಪ ಕೇಳಿದವಳಿಗೆ, ಸುಮ್ಮನಿದ್ದವನಿಗಲ್ಲ.

ಅಮ್ಮ


ಪರಂಪಳ್ಳಿ
೪–೩–೧೯೪೪

ಕಮಲಾಕ್ಷನಿಗೆ ಅಮ್ಮನ ಆಶೀರ್ವಾದ.

ಮದುವೆ ನಿಂತಿತು. ನಿಲ್ಲಿಸಿದವಳು ನಾನು.

ಮುನ್ನಾದಿನ ದಾಮೋದರ ಬ್ರಹ್ಮಾವರದಲ್ಲಿ ಕಚೇರಿ ಬಾಗಿಲು ಹಾಕುವ ತನಕ ಕೂತಿದ್ದ. ತಿರುಗಿ ಬಂದವನು ಚಪ್ಪರದ ಕಂಬ ಹಿಡಿದು ನಿಂತ. “ಅಕ್ಕ, ಕರ್ದ್ರ್, ಮತ್ತ್ ಮತ್ತ್ ಕರ್ದ್ರ್. ಬೈಂದೂರ್ ಓಗೊಡ್ತಿಲ್ಲೆ ಅಂಬ್ರ್.”

ನಾನು ಅಳಲಿಲ್ಲ. ವನಮಾಲೆಯ ಕೈಗೆ ಹೆಂಗಸರು ಮದರಂಗಿ ಹಚ್ಚುತ್ತಿದ್ದರು. ಹಚ್ಚಲಿ ಎಂದು ಬಿಟ್ಟೆ.

ಬೆಳಿಗ್ಗೆ ದಿಬ್ಬಣ ಬಂತು. ಕಾಲು ತೊಳೆಯಲು ನೀರು ಕೊಡುವ ಹೊತ್ತಿಗೆ ನಾನು ಎದುರು ಹೋಗಿ ನಿಂತು ಹೇಳಿದೆ, “ಧಾರಿ ಆತಿಲ್ಲೆ ಶಾಮರಾಯರೇ.”

“ಎಂತಕೆ?”

“ಅರಳ್ ಹೊಯ್ಯುಕೆ ಹೆಣ್ಣಿನ ಅಣ್ಣ ಇಲ್ಲೆ.”

“ಅಣ್ಣ ಇಲ್ದಿದ್ರೆ ಮಾವ ಹೊಯ್ತ. ಅದ್ಕೂ ಶಾಸ್ತ್ರ ಇತ್ತ್.”

“ಅಣ್ಣ ಇಲ್ದೆ ಅಲ್ಲ. ಇದ್ದೂ ಓಗೊಡ್ಲಿಲ್ಲೆ.”

ಅವರ ಮುಖ ಕೆಂಪಗಾಯಿತು. “ಗಂಡ್ಸಿಲ್ದ ಮನಿ ಕಾರ್‌ಬಾರ್ ಹಿಂಗೇ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅವರ ಕಡೆಯ ಹೆಂಗಸೊಬ್ಬಳು, “ಹುಡ್ಗಿಗೇ ಎಂತೋ ದೋಷ ಇತ್ತ್ ಕಾಣಿ, ಮುಚ್ಚುಕೆ ನಾಟ್ಕ” ಅಂದಳು. ಅದನ್ನೂ ನುಂಗಿದೆ.

ರತ್ನಾಕರ ಮಾತ್ರ ಸಿಟ್ಟು ಮಾಡಲಿಲ್ಲ. ಬಾಸಿಂಗ ತಾನೇ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡ. ನನ್ನ ಮುಖ ನೋಡಿ ನಕ್ಕ. “ಅಡ್ಡಿಲ್ಲೆ ಮಾವ, ಇನ್ನೊಂದ್ ಮನಿ ಇತ್ತಲ್ದಾ,” ಎಂದು ಶಾಮರಾಯರಿಗೆ ಹೇಳಿದ. ಹಟ್ಟಿಯಲ್ಲಿ ಈ ಹಸು ಕೊಡದಿದ್ದರೆ ಆ ಹಸು ಎಂದ ಹಾಗೆ. ಅಲ್ಲಿಯ ತನಕ ನನ್ನ ಮನಸ್ಸು ಹೊಯ್ದಾಡುತ್ತಿತ್ತು. ಆ ನಗು ಕಂಡ ಮೇಲೆ ನಿಂತಿತು.

ಅನ್ನ ದೇವಸ್ಥಾನಕ್ಕೆ ಕಳಿಸಿದೆವು. ವನಮಾಲಾ ಮದರಂಗಿ ತೊಳೆಯುತ್ತಾ ಕೂತಿದ್ದಾಳೆ. ಅದು ಹೋಗುವುದಿಲ್ಲ.

ನೀನು ಸುಮ್ಮನಿದ್ದದ್ದಕ್ಕೆ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಅಮ್ಮ


ಬೈಂದೂರು
೧೦–೩–೧೯೪೪

ಅಮ್ಮನಿಗೆ ನಮಸ್ಕಾರ.

ಅಂಚೆ ಎಲ್ಲೋ ತಡೆದು ನಿನ್ನ ಎರಡೂ ಕಾಗದ ಒಟ್ಟಿಗೆ ಬಂದವು. ನಿನಗೆ ನಿಜ ಹೇಳಬೇಕು.

ನಾನು ಸುಮ್ಮನಿರಲಿಲ್ಲ ಅಮ್ಮ. ನಿನ್ನ ಕರೆಯೇ ನನಗೆ ಕೇಳಲಿಲ್ಲ. ಆ ದಿನ ಗಂಗೊಳ್ಳಿಯಲ್ಲಿ ಅಳಿವೆ ಹೊಕ್ಕ ಮಂಜಿ ಹಡಗೊಂದರ ಕೂವೆಕಂಬ ಹೊಳೆಯ ಮೇಲಿನ ತಂತಿಗೆ ಸಿಕ್ಕಿ ತಂತಿ ಕಡಿದುಹೋಗಿತ್ತು. ಬ್ರಹ್ಮಾವರದಿಂದ ಕರೆದದ್ದು ಕುಂದಾಪುರದಲ್ಲೇ ನಿಂತಿದೆ. ಇಲ್ಲಿ ನನ್ನೆದುರು ಯಂತ್ರ ಸತ್ತುಬಿದ್ದಿತ್ತು. ನಾನು ಬೆಕ್ಕಿನ ಮರಿಗೆ ಹಾಲು ಹಾಕುತ್ತಿದ್ದೆ. ಊರಲ್ಲಿ ನೀನು ಚಪ್ಪರದಡಿ ನಿಂತು ನನ್ನ ಮೌನ ಕೇಳುತ್ತಿದ್ದೀ ಎಂದು ಯಾರಿಗೆ ಗೊತ್ತಿತ್ತು?

ಇನ್ನೊಂದನ್ನೂ ಹೇಳುತ್ತೇನೆ. ತಂತಿ ಸರಿ ಇದ್ದು ನಿನ್ನ ಕರೆ ಬಂದಿದ್ದರೂ ನನ್ನ ಕೈ ಏಳುತ್ತಿರಲಿಲ್ಲ.

ಇದನ್ನು ಬರೆದದ್ದೂ ತಪ್ಪೋ ಏನೋ. ಯುಗಾದಿಗೆ ಎರಡು ದಿನ ರಜೆ ಸಿಗುವ ಹಾಗಿದೆ. 'ಇನ್ನೊಂದು ಮನೆ' ಎಂದನಲ್ಲ ಅವನು. ಆ ಮಾತು ನನ್ನನ್ನು ಬಿಡುತ್ತಿಲ್ಲ. ಬರುತ್ತೇನೆ. ಆಣೆ ಬಿಡಿಸೋಣ.

ಕಮಲಾಕ್ಷ


ಪರಂಪಳ್ಳಿ
೧೭–೩–೧೯೪೪

ಕಮಲಾಕ್ಷನಿಗೆ,

ಮಂಜಿಯ ಕಂಬ ಕಡಿದದ್ದು ಎಂದು ನೀನು ಹೇಳುತ್ತೀ. ಅದನ್ನು ಅಲ್ಲಿ ತಂದು ನಿಲ್ಲಿಸಿದವನು ಯಾರು ಎಂದು ನಾನು ಬಲ್ಲೆ. ದೇವರು ತಾನೇ ಆಣೆ ಕಾದ, ನಮ್ಮ ಹುಡುಗಿಯನ್ನೂ ಕಾದ. ಹೀಗೆ ಕಾದ ಮೇಲೆ ಅವನೆದುರು ಹೋಗಿ ಆಣೆ ಬಿಡಿಸು ಎನ್ನಲು ನನಗೆ ಬಾಯಿಲ್ಲ.

ಹಬ್ಬಕ್ಕೆ ಬಾ. ಹೋಳಿಗೆ ಮಾಡುತ್ತೇನೆ. ಆ ಮಾತು ಮಾತ್ರ ತೆಗೆಯಬೇಡ. ನಮ್ಮ ಹೆಸರಿಗೆ ಬಂದದ್ದು ಹಾದುಹೋಯಿತು. ಇನ್ನು ಬೇರೆಯವರದ್ದು ಬೇರೆಯವರಿಗೆ.

ಅಮ್ಮ


ಪರಂಪಳ್ಳಿ
೨೨–೫–೧೯೪೪

ಚಿರಂಜೀವಿ ಕಮಲಾಕ್ಷನಿಗೆ,

ಯುಗಾದಿಗೆ ಬಂದವನು ಹೋಳಿಗೆ ತಿಂದು, ಎರಡು ದಿನ ಮಾಡು ನೋಡುತ್ತಾ ಮಲಗಿ, ಹೋದೆ. ದೇವಸ್ಥಾನದ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಕರೆಯಲಿಲ್ಲ.

ವೇದಾವತಿಯ ಮಗಳು ಪದ್ದುವಿನ ಮದುವೆ ಹೋದ ವಾರ ಆಯಿತು. ಯಾರ ಜೊತೆ ಎಂದು ನಿನಗೆ ಹೇಳಬೇಕಾಗಿಲ್ಲ. ನಿಶ್ಚಯ ಮಾಡಿದ್ದು ಚೈತ್ರದಲ್ಲೇ. ನಿನಗೆ ಬರೆಯಲಿಲ್ಲ.

ಮದುವೆಗೆ ಸ್ವಲ್ಪ ದಿನ ಇರುವಾಗ ಪದ್ದು ನಮ್ಮ ಹಿತ್ತಲಿಗೆ ಬಂದಳು. ಬಸಳೆ ಕೊಯ್ಯುವ ನೆವ. ಕೊಯ್ದದ್ದು ಎರಡು ಕುಡಿ. ಆಮೇಲೆ ಕೇಳಿದಳು, “ಗೋಮತಕ್ಕ, ನಿಮ್ಗೆ ಎಂತಾರೂ ಗೊತ್ತಿತ್ತಾ?”

“ನಂಗೆ ಎಂತದೂ ಗೊತ್ತಿಲ್ಲೆ ಮಗಾ.”

“ಗೊತ್ತಿಲ್ದೆ ದಿಬ್ಬಣ ತಿರ್ಗಿ ಕಳ್ಸಿದ್ರ್ಯಾ?”

“ಅಣ್ಣ ಇರ್ಲಿಲ್ಲೆ, ಅದ್ಕೆ.”

ಅವಳು ನಕ್ಕು, “ನಂಗೆ ಅಣ್ಣನೇ ಇಲ್ಯೆ,” ಎಂದು ಬಸಳೆ ಕುಡಿ ಹಿಡಿದು ಹೋದಳು.

ನಾನು ಸುಳ್ಳು ಹೇಳಲಿಲ್ಲ ಕಮಲಾಕ್ಷ. ನನಗೆ ಗೊತ್ತಿಲ್ಲ. ಒಬ್ಬ ಮನುಷ್ಯ ನಕ್ಕದ್ದು ನನಗೆ ಸೇರಲಿಲ್ಲ ಎಂದು ವೇದಾವತಿಗೆ ಹೇಳಲೇ? ನಮ್ಮ ಕೈತಪ್ಪಿದ ಗಂಡು ಅವರ ಪಾಲಾಯಿತೆಂದು ಹೊಟ್ಟೆಕಿಚ್ಚು ಅನ್ನುತ್ತಾಳೆ. ಈಗಾಗಲೇ ಒಂದು ಸಲ ಅಂದಿದ್ದಾಳೆ.

ಮದುವೆಗೆ ಹೋಗಿದ್ದೆ. ಎಲೆಯ ಮುಂದೆ ಕೂತೆ. ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ. ಬೊಂಬಾಯಿಗೆ ಹೊರಟ ದಿನ ಪದ್ದು ಕಡವಿನಲ್ಲಿ ನಿಂತು ತಾನೇ ಕೂಗು ಹಾಕಿದಳು, ಒಂದೇ ಉದ್ದ, ತುದಿಯಲ್ಲಿ ಮೇಲಕ್ಕೆ. ಚೆನ್ನಯ್ಯ ಕೂಡಲೇ ಓಗೊಟ್ಟ.

ಮಳೆಗೆ ಮೊದಲು ಕೊಡೆ ತೆಗೆದುಕೋ.

ಅಮ್ಮ


ಬೈಂದೂರು
೧೫–೧೧–೧೯೪೪

ಅಮ್ಮ,

ಈ ಕಾಗದ ಓದಿ ಸುಟ್ಟುಬಿಡು ಎನ್ನಬೇಕೆಂದಿದ್ದೆ. ಬೇಡ, ಇಟ್ಟುಕೋ. ನಾನು ಆಣೆ ಮುರಿಯುತ್ತಿದ್ದೇನೆ. ಕೆಲಸ ಹೋದರೆ ಹೋಗಲಿ.

ಹೋದ ವರ್ಷ ಚಳಿಗಾಲದ ಹೊತ್ತಿಗೆ ಬ್ರಹ್ಮಾವರದ ಕರೆ ಹಿಡಿದು ಶಾಮರಾಯರಿಗೆ ಬೊಂಬಾಯಿಂದ ಒಂದು ತಂತಿ ಹೋಯಿತು. ಅದರಲ್ಲಿದ್ದದ್ದು ಇಷ್ಟು: 'ಪೊಲೀಸರ ವಿಚಾರಣೆ ಮುಗಿಯಿತು. ಏನೂ ಸಿಕ್ಕಲಿಲ್ಲ. ಊರಲ್ಲಿ ಬೇಗ ಹುಡುಗಿ ನೋಡಿ. ರತ್ನಾಕರ.' ಕೈಕಾಲು ತೊಳೆದು ಬಂದೆ ಎಂದು ಬರೆದಿದ್ದೆನಲ್ಲ, ಅದು ಆ ದಿನ.

ನಿನ್ನೆ ಅದೇ ತಂತಿಯಲ್ಲಿ ವೇದಾವತಿಯವರಿಗೆ ಹೋಯಿತು: 'ಪದ್ಮಾವತಿ ಸ್ಟೌವಿನ ಬೆಂಕಿ ತಗಲಿ ತೀರಿಕೊಂಡಳು. ಸಂಸ್ಕಾರ ಆಯಿತು. ಬರುವ ಅಗತ್ಯವಿಲ್ಲ.'

ಇವತ್ತು ಶಾಮರಾಯರಿಗೆ ಹೋಯಿತು: 'ಹೋದ ಸಲದ ಹಾಗೇ ಮುಗಿಯುತ್ತದೆ. ಚಿಂತೆ ಬೇಡ.'

ಮೂರೂ ನನ್ನ ಮುಂದೆಯೇ ಹಾದುಹೋದವು. ಮೂರಕ್ಕೂ ನನ್ನ ಕರೆ ಇರಲಿಲ್ಲ. ಪದ್ದು ಚಿಕ್ಕವಳಿದ್ದಾಗ ನನ್ನ ಹಿಂದೆ ಶಾಲೆಗೆ ಬರುತ್ತಿದ್ದಳು ಅಮ್ಮ, ಸ್ಲೇಟು ನನ್ನ ಕೈಯಲ್ಲಿ ಹೊರಿಸಿ.

ಕಮಲಾಕ್ಷ


ಗುಲ್ವಾಡಿ ಕಡವು
೧೧–೨–೧೯೪೫

ಕಮಲಾಕ್ಷನಿಗೆ ಅಮ್ಮ ಬರೆಯುವುದು.

ನಿನ್ನ ಕಾಗದ ಬಂದು ಮೂರು ತಿಂಗಳು. ಅದಕ್ಕೆ ಏನು ಬರೆಯಲಿ?

ಪದ್ದುವಿನ ತಂತಿ ಬಂದ ದಿನ ನಾನು ಅಂಗಳದಲ್ಲಿದ್ದೆ. ಬ್ರಹ್ಮಾವರದಿಂದ ಅಂಚೆಯ ಬಚ್ಚ ಸೈಕಲ್ ತಳ್ಳಿಕೊಂಡು ಗದ್ದೆ ಅಂಚಿನಲ್ಲಿ ಬರುತ್ತಿದ್ದ. ತಂತಿ ಎಂದು ಅವನ ಮುಖದಲ್ಲೇ ಗೊತ್ತಾಯಿತು. ನಮ್ಮ ಬೇಲಿಯ ದಣಪೆಯ ಹತ್ತಿರ ಬಂದಾಗ ನಿನಗೇ ಏನೋ ಆಯಿತೆಂದು ತಿಳಿದೆ. ಅವನು ತಲೆಯಾಡಿಸಿ, “ನಿಮ್ದಲ್ಲ ಅಮ್ಮ,” ಎಂದು ಮುಂದೆ ಹೋದ. ದೇವರೇ, ನಮ್ಮದಲ್ಲ ಎಂದು ಕೈ ಮುಗಿದೆ ನಾನು. ಮುಗಿದ ಕೈ ಇಳಿಸುವ ಮೊದಲೇ ವೇದಾವತಿ ಕಿರುಚಿದ್ದು ಕೇಳಿತು. ಆ ಮುಗಿದ ಕೈಯನ್ನು ಎಲ್ಲಿ ಇಡಲಿ ಎಂದು ಇಂದಿಗೂ ತಿಳಿಯುವುದಿಲ್ಲ.

ನಿನ್ನ ಕಾಗದ ಬಂದ ಮೇಲೆ ವೇದಾವತಿಯ ಮನೆಗೆ ಹೋದೆ. ಹೇಳಲಾಗಲಿಲ್ಲ. ಹೇಳಿದರೆ ಪದ್ದು ಬರುತ್ತಾಳೆಯೇ? ಅವಳ ತಲೆ ಬಾಚಿ ಬಂದೆ.

ನಿನ್ನೆ ದಾಮೋದರ ಒಂದು ಸುದ್ದಿ ತಂದ. ಶಾಮರಾಯರು ಮತ್ತೆ ಜಾತಕ ಹಿಡಿದು ಹೊರಟಿದ್ದಾರೆ. ಗುಲ್ವಾಡಿಯಲ್ಲಿ ಉರಾಳರ ಮನೆಯ ಹುಡುಗಿ ಭಾಗೀರಥಿ. ತಂದೆಗೆ ಪಾರ್ಶ್ವವಾಯು. ಇವತ್ತು ಸಂಜೆ ನಿಶ್ಚಯವಂತೆ. ಆ ಮನೆಯವರ ಮುಖ ನಾನು ಕಂಡಿಲ್ಲ. ಅವರು ನನ್ನ ಹೆಸರು ಕೇಳಿಲ್ಲ.

ಬೆಳಿಗ್ಗೆ ಎದ್ದು ಸ್ನಾನ ಮಾಡಿ ದೇವಸ್ಥಾನಕ್ಕೆ ಹೋದೆ. ತುಳಸಿ ನೀರು ಕೊಡಿ, ಆಣೆ ಬಿಡಿಸಬೇಕು ಎಂದೆ. ಅರ್ಚಕರು, “ಒಬ್ರೇ ಬಂದ್ರೆ ಆತಿಲ್ಲೆ ಗೋಮತಮ್ಮ, ಮಾಣಿನೂ ಬರ್ಕ್” ಎಂದರು. “ಹಾಕ್ಸಿದ್ದ್ ನಾನ್. ಕಟ್ಟಿದ್ದ್ ನಾನೇ ಬಿಚ್ತೆ. ತಪ್ಪಾದ್ರೆ ನನ್ ತಲಿಗೆ” ಎಂದು ನೀರು ಬಿಟ್ಟು ಬಂದೆ. ದೇವರು ಒಪ್ಪಿದನೋ ಇಲ್ಲವೋ ಹೂವು ಬೀಳುವುದನ್ನು ಕಾಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ನಿನ್ನ ಕಾಗದ ಸೊಂಟದಲ್ಲಿದೆ. ವನಮಾಲಾ ನಾನೂ ಬರುತ್ತೇನೆ ಎಂದಳು. ಹಸೆಯ ತನಕ ಹೋಗಿ ಉಳಿದವಳು ನಾನು, ನನ್ನ ಮುಖ ನೋಡಿದರೆ ನಂಬಬಹುದು ಎಂದಳು.

ಇದನ್ನು ಮನೆಯಲ್ಲಿ ಶುರು ಮಾಡಿ ಈಗ ಹೊಳೆಯ ಬದಿಯಲ್ಲಿ ಕಲ್ಲಿನ ಮೇಲೆ ಕೂತು ಮುಗಿಸುತ್ತಿದ್ದೇನೆ. ಗುಲ್ವಾಡಿಯ ಮಾಡುಗಳು ಆಚೆ ದಡದಲ್ಲಿ ಕಾಣುತ್ತವೆ. ದೋಣಿಯೂ ಆಚೆಯೇ ಇದೆ. ಶಾಮರಾಯರ ಕಡೆಯವರು ಮಧ್ಯಾಹ್ನವೇ ದಾಟಿದರಂತೆ.

ವನಮಾಲಾ ನೀರಿಗಿಳಿದು ನಮ್ಮ ಮನೆಯ ಕೂಗು ಹಾಕುತ್ತಿದ್ದಾಳೆ. ಎರಡು ನೀಳ, ಒಂದು ಮೊಟಕು. ಬೇರೆ ಕೂಗು ನಮಗೆ ಬರುವುದಿಲ್ಲ. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ, “ಯಾವ್ ಊರಿನವ್ರ್ ನೀವ್? ಆ ಕೂಗ್ ಈ ಬದಿದ್ದಲ್ಲ. ಅವ ಏಳುದಿಲ್ಲೆ” ಅಂದಳು. ಹಾಗಾದರೆ ಉರಾಳರ ಮನೆಯ ಕೂಗು ಯಾವುದು, ಅದನ್ನೇ ಹಾಕಿಕೊಡು ಎಂದೆ. ಅವಳು ಪಾತ್ರೆ ಎತ್ತಿಕೊಂಡಳು. “ಅವ್ರ ಮನಿಲಿ ಇವತ್ತ್ ಶುಭಕಾರ್ಯ. ನಂಗೆಂತಕೆ ಅದೆಲ್ಲ” ಎಂದು ಹೋದಳು.

ದೋಣಿಯವನು ಒಂದು ಸಲ ತಲೆಯೆತ್ತಿ ಈ ಕಡೆ ನೋಡಿದ. ಮತ್ತೆ ಬಗ್ಗಿ ಬಲೆ ಸರಿಮಾಡುತ್ತಿದ್ದಾನೆ. ಬಿಸಿಲು ಇಳಿಯುತ್ತಿದೆ. ವನಮಾಲೆಯ ಗಂಟಲು ಒಡೆದಿದೆ. ಈಗ ನಾನು ಏಳುತ್ತೇನೆ. ಇನ್ನು ಇಬ್ಬರೂ ಕೂಗುತ್ತೇವೆ.

ನಿನ್ನ ಅಮ್ಮ
ಗೋಮತಿ